ತಂಗುದಾಣದ ಆದಾಯದಲ್ಲಿ ಕುರುಚಲು ಕಾಡಿನ ಪಾಲು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಹೆಸರು ಕೇಳಿದೊಡನೆ ವರ್ತಕರ ಮನಸ್ಸಿಗೆ ಬರುವುದು ಶೇಂಗಾ, ಮೆಕ್ಕೆಜೋಳ, ಹುಣಸೆಹಣ್ಣು ಮತ್ತು ಮಲ್ಲಿಗೆ ಮೊಗ್ಗು. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ರೂಪುಗೊಂಡ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯೊಂದನ್ನು ಬಿಟ್ಟರೆ ಉಳಿಯುವುದು ಈ ಐದು ತಾಲ್ಲೂಕುಗಳೇ. ಹಂಪಿಯನ್ನು ನೋಡಲು ದೇಶವಿದೇಶಗಳಿಂದ ಬರುವ ಪ್ರವಾಸಿಗರ ಹಣ ಬಹುಮಟ್ಟಿಗೆ ಹೊಸಪೇಟೆ, ಕಮಲಾಪುರಗಳಲ್ಲಿಯೇ ಇಳಿದುಬಿಡುತ್ತದೆ. ದಕ್ಷಿಣ ಮತ್ತು ಪಶ್ಚಿಮದ ಈ ತಾಲ್ಲೂಕುಗಳ ಪಾಲಿಗೆ ಪ್ರವಾಸೋದ್ಯಮವೆಂದರೆ ಹೆದ್ದಾರಿಯಲ್ಲಿ ಹಾದುಹೋಗುವ ವಾಹನಗಳಷ್ಟೇ ಎಂಬಂತಾಗಿದೆ.

ಈ ಸ್ಥಿತಿಯನ್ನು ಬದಲಿಸಬಲ್ಲ ಎರಡು ಸಂಗತಿಗಳು ಈಚಿನ ವರ್ಷಗಳಲ್ಲಿ ಸಂಭವಿಸಿವೆ. ಮೊದಲನೆಯದು, 2013ರಲ್ಲಿ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಅರಣ್ಯವು ಕರಡಿಧಾಮವೆಂದು ಘೋಷಿತವಾದುದು. ಎರಡನೆಯದು, 2024ರ ಜನವರಿಯಲ್ಲಿ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯು ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದುದು. ನೋಡತಕ್ಕ ತಾಣಗಳು ದೊರೆತ ಮೇಲೆ ತಂಗತಕ್ಕ ತಾಣಗಳನ್ನು ಕಟ್ಟಲು ಬಂಡವಾಳ ಹುಡುಕಿಕೊಂಡು ಬರುವುದು ಸಹಜ. ಅಂತಹ ತಂಗುದಾಣಗಳು ಯಾವ ಬಗೆಯವಾಗಬೇಕು, ಅವುಗಳ ಆದಾಯದಲ್ಲಿ ಕಾಡಿಗೆ ಪಾಲು ಇರಬೇಕೆ, ಇದ್ದರೆ ಅದನ್ನು ಲೆಕ್ಕಪುಸ್ತಕದಲ್ಲಿ ತೋರಿಸುವುದು ಹೇಗೆ ಎಂಬ ಪ್ರಶ್ನೆಗಳು ಈಗಲೇ ಇತ್ಯರ್ಥವಾಗಬೇಕಾಗಿವೆ. ಕಟ್ಟಡ ಎದ್ದ ಮೇಲೆ ಈ ಪ್ರಶ್ನೆಗಳನ್ನು ಕೇಳಿ ಪ್ರಯೋಜನವಿಲ್ಲ.

ಕರಡಿಯ ಬೆಟ್ಟ, ಹಕ್ಕಿಯ ಕೆರೆ

ಈ ಭಾಗದಲ್ಲಿ ಕರಡಿಗೆ ಮೊದಲು ಆಶ್ರಯ ದೊರೆತದ್ದು ದರೋಜಿಯಲ್ಲಿ. ದರೋಜಿ ಮತ್ತು ರಾಮಸಾಗರಗಳ ನಡುವಿನ ಕಲ್ಲುಗುಡ್ಡಗಳಲ್ಲಿ ಹಬ್ಬಿದ್ದ ಬಿಳಿಕಲ್ಲು ಮೀಸಲು ಅರಣ್ಯದ 5,587.30 ಹೆಕ್ಟೇರ್ ಪ್ರದೇಶವನ್ನು ರಾಜ್ಯ ಸರ್ಕಾರವು 1994ರ ಅಕ್ಟೋಬರ್‌ನಲ್ಲಿ ಕರಡಿಧಾಮವೆಂದು ಸಾರಿತು. 2009ರಲ್ಲಿ ಬುಕ್ಕಸಾಗರದ 2,685.50 ಹೆಕ್ಟೇರ್ ಅರಣ್ಯ ಅದಕ್ಕೆ ಸೇರಿತು. ಗುಡೇಕೋಟೆಯ ಕರಡಿಧಾಮವು 38.48 ಚದರ ಕಿಲೋಮೀಟರ್ ವಿಸ್ತೀರ್ಣದಿಂದ ಆರಂಭವಾಗಿ ಆನಂತರದ ವರ್ಷಗಳಲ್ಲಿ ವಿಸ್ತಾರಗೊಂಡಿತು. ಪಾಳೆಯಗಾರರ ಕೋಟೆಯಿಂದ ಹೆಸರಾದ, ಒನಕೆ ಓಬವ್ವನ ತವರೆಂದು ಜನ ನಂಬಿಕೊಂಡು ಬಂದಿರುವ ಗುಡೇಕೋಟೆಗೆ ಕರಡಿಯ ಹೆಸರೂ ಹೀಗೆ ಕೂಡಿಕೊಂಡಿತು.

ಇಲ್ಲಿಯ ಕರಡಿಗೆ ಬೇಕಾದುದು ಎತ್ತರದ ಮರಗಳ ದಟ್ಟ ಕಾಡಲ್ಲ. ಹಗಲು ಮಲಗಲು ಬಂಡೆಗಳ ನಡುವಿನ ಗವಿ, ಅಗೆಯಲು ಗೆದ್ದಲಿನ ಹುತ್ತ, ತಿನ್ನಲು ಕವಳೆ, ಬಾರೆ, ಕಾರೆ, ನೇರಳೆ, ಅತ್ತಿ, ಆಲದ ಹಣ್ಣು, ಕುಡಿಯಲು ಸಮೀಪದಲ್ಲಿ ನೀರು, ಇಷ್ಟಿದ್ದರೆ ಅದರ ಸಂಸಾರ ಸಾಗುತ್ತದೆ. ತಿಂದ ಹಣ್ಣಿನ ಬೀಜಗಳನ್ನು ಅದು ಹಿಕ್ಕೆಯೊಡನೆ ದೂರದೂರಕ್ಕೆ ಒಯ್ದು ಹರಡುತ್ತದೆ. ಆದ್ದರಿಂದ ಕುರುಚಲು ಕಾಡು ಕರಡಿಯನ್ನು ಸಾಕುವಂತೆಯೇ ಕರಡಿಯೂ ಕುರುಚಲು ಕಾಡನ್ನು ಬೆಳೆಸುತ್ತದೆ.

ಅಂಕಸಮುದ್ರದ ಕಥೆ ಬೇರೆ. ಅದು ಮನುಷ್ಯನೇ ಶತಮಾನಗಳ ಹಿಂದೆ ಕಟ್ಟಿದ ನೀರಾವರಿ ಕೆರೆ. ವಿಸ್ತೀರ್ಣ 98.76 ಹೆಕ್ಟೇರ್, ಅಂದರೆ ಸುಮಾರು 244 ಎಕರೆ. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಕೆರೆಯಂಗಳದ ಕರಿಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆ ಮೊದಲಾದ ನೀರುಹಕ್ಕಿಗಳು ಗೂಡು ಕಟ್ಟುತ್ತವೆ. ರಾಮ್ಸಾರ್ ಪಟ್ಟಿಗೆ ಸೇರಿಸುವಾಗ ಕೇಂದ್ರ ಸರ್ಕಾರ ನೀಡಿದ ವಿವರದಂತೆ ಇಲ್ಲಿ 240ಕ್ಕೂ ಹೆಚ್ಚು ಜಾತಿಯ ಪಕ್ಷಿಗಳೂ 210ಕ್ಕೂ ಹೆಚ್ಚು ಜಾತಿಯ ಸಸ್ಯಗಳೂ ಇವೆ. 30,000ಕ್ಕೂ ಮೀರಿ ನೀರುಹಕ್ಕಿಗಳು ಈ ಕೆರೆಯನ್ನು ಆಶ್ರಯಿಸುತ್ತವೆ. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳ ಮೂಲಕ ಹರಿಹರ ಸೇರುವ ರೈಲುಮಾರ್ಗವೂ ಕೂಡ್ಲಿಗಿಯನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50 ಕೂಡ ಈ ತಾಣಗಳ ಸಂಪರ್ಕಕ್ಕೆ ಅನುಕೂಲವಾಗಿವೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯ, ಉಚ್ಚಂಗಿದುರ್ಗ, ಹಡಗಲಿ ತಾಲ್ಲೂಕಿನ ಮೈಲಾರ, ಕೊಟ್ಟೂರಿನ ಗುರು ಕೊಟ್ಟೂರೇಶ್ವರ ಸನ್ನಿಧಿ, ಇವುಗಳನ್ನು ಸೇರಿಸಿಕೊಂಡರೆ ಎರಡು ರಾತ್ರಿ ತಂಗಲು ಕಾರಣಗಳಿಗೇನೂ ಕೊರತೆಯಿಲ್ಲ.

ಕಮಲಾಪುರದ ಪಾಠ, ಕೊಡಗಿನ ಪಾಠ

ವನ್ಯಜೀವಿಗಳನ್ನು ನೋಡಬಂದವರಿಗೆ ವಸತಿ ಒದಗಿಸುವ ವ್ಯವಹಾರದಲ್ಲಿ ಕರ್ನಾಟಕಕ್ಕೆ ದೀರ್ಘ ಅನುಭವವಿದೆ. ರಾಜ್ಯ ಸರ್ಕಾರದ ಉದ್ಯಮವಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆ 1980ರಲ್ಲಿ ಸ್ಥಾಪನೆಗೊಂಡು ಕಬಿನಿಯ ದಂಡೆಯಿಂದ ತನ್ನ ಕಾರ್ಯವನ್ನಾರಂಭಿಸಿತು. ಅದೇ ಸಂಸ್ಥೆ ದರೋಜಿ ಕರಡಿಧಾಮವನ್ನು ಅವಲಂಬಿಸಿ ಕಮಲಾಪುರದಲ್ಲಿ ತಂಗುದಾಣವೊಂದನ್ನು ತೆರೆಯಿತು. ಮೊದಲು ಕರಡಿಯ ಹೆಸರನ್ನೇ ಹೊತ್ತಿದ್ದ ಅದು ಬಳಿಕ ಹಂಪಿಯ ಹೆಸರನ್ನು ಧರಿಸಿತು. ವಸತಿ, ಊಟ, ಹಂಪಿಯ ದರ್ಶನ, ಸಂಜೆ ಕರಡಿಧಾಮದ ಭೇಟಿ, ಜೊತೆಗೆ ಪ್ರಕೃತಿ ತಜ್ಞರ ವಿವರಣೆ, ಇವೆಲ್ಲವನ್ನೂ ಒಂದೇ ದರದಲ್ಲಿ ಸೇರಿಸಿ ಕೊಡುವ ಪದ್ಧತಿ ಅಲ್ಲಿಯದು.

ಕಮಲಾಪುರದಿಂದ ಕಲಿಯಬೇಕಾದ ಮುಖ್ಯ ಪಾಠವೆಂದರೆ, ಕಾಡು ಮೊದಲು, ಕೊಠಡಿ ಆಮೇಲೆ ಎಂಬ ಕ್ರಮ. ಬಿಳಿಕಲ್ಲು ಗುಡ್ಡಗಳಿಗೆ ರಕ್ಷಣೆ ದೊರೆತು, ಅಲ್ಲಿ ಕಾಡುಹಣ್ಣಿನ ಗಿಡಗಳು ಬೆಳೆದು, ನೀರಿನ ಆಸರೆಗಳು ನಿರ್ಮಾಣವಾಗಿ ವರ್ಷಗಳು ಕಳೆದ ಬಳಿಕವೇ ತಂಗುದಾಣಕ್ಕೆ ಗಿರಾಕಿ ದೊರೆತದ್ದು. ಅಂಗಡಿಯಲ್ಲಿ ಸರಕು ತುಂಬುವ ಮೊದಲೇ ನಾಮಫಲಕ ತೂಗುಹಾಕಿದವನ ಗತಿ ಏನೆಂಬುದು ವರ್ತಕರಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ಖಾಸಗಿ ಪ್ರಯತ್ನಕ್ಕೆ ಉದಾಹರಣೆಯನ್ನು ಕೊಡಗಿನಲ್ಲಿ ಕಾಣಬಹುದು. ತೆರಾಲು ಗ್ರಾಮದ ಬಳಿ ಅನಿಲ್ ಮಲ್ಹೋತ್ರಾ ಮತ್ತು ಪಮೇಲಾ ಗೇಲ್ ಮಲ್ಹೋತ್ರಾ ದಂಪತಿಗಳು 1991ರಲ್ಲಿ 55 ಎಕರೆ ಜಮೀನನ್ನು ಕೊಂಡು ಸಾಯಿ ಸ್ಯಾಂಕ್ಚುಯರಿಯನ್ನು ಆರಂಭಿಸಿದರು. ರೈತರು ಕೈಬಿಟ್ಟಿದ್ದ ಕಾಫಿ, ಏಲಕ್ಕಿ ತೋಟದ ಭೂಮಿಗಳನ್ನು ಕ್ರಮೇಣ ಸೇರಿಸಿಕೊಳ್ಳುತ್ತಾ ಅದು ಸುಮಾರು 300 ಎಕರೆಗೆ ಬೆಳೆಯಿತು. ಸ್ಥಳೀಯ ಮರಗಳು ತಾವಾಗಿಯೇ ಮರಳಿ ಬೆಳೆಯುವಂತೆ ಭೂಮಿಯನ್ನು ಕಾಯ್ದುಕೊಳ್ಳುವುದು ಅವರ ವಿಧಾನ. ಬೆರಳೆಣಿಕೆಯ ಅತಿಥಿಗೃಹಗಳು, ಸೌರವಿದ್ಯುತ್ತು, ಕಾಡಿನೊಳಗೆ ಕಾಲ್ನಡಿಗೆ, ಇಷ್ಟೇ ಅಲ್ಲಿಯ ಪ್ರವಾಸೋದ್ಯಮ. ಪಮೇಲಾ ಅವರಿಗೆ 2017ರಲ್ಲಿ ಕೇಂದ್ರ ಸರ್ಕಾರದ ನಾರೀಶಕ್ತಿ ಪುರಸ್ಕಾರ ಸಂದಿತು. ಅನಿಲ್ ಅವರು 2021ರಲ್ಲಿ ನಿಧನರಾದರು. ಮೂರು ದಶಕಗಳ ಕೆಲಸ ಅದು ಎಂಬುದನ್ನು ಮರೆಯುವಂತಿಲ್ಲ. ಅತಿಥಿಗಳ ಸಂಖ್ಯೆಯನ್ನು ಕಾಡಿನ ಶಕ್ತಿಗೆ ತಕ್ಕಂತೆ ಮಿತಗೊಳಿಸಿದ್ದು, ಜಮೀನಿನ ಬಹುಪಾಲನ್ನು ಕಾಡಿಗೇ ಬಿಟ್ಟದ್ದು ಅದರ ವಿಶೇಷ.

ಹೊರದೇಶದ ನಿದರ್ಶನವೂ ಉಂಟು. ಮಧ್ಯ ಅಮೆರಿಕದ ಪುಟ್ಟ ರಾಷ್ಟ್ರ ಕೋಸ್ಟರಿಕಾದಲ್ಲಿ 1980ರ ದಶಕದ ಹೊತ್ತಿಗೆ ಅರಣ್ಯವು ದೇಶದ ಭೂಭಾಗದ ಸುಮಾರು ಕಾಲು ಭಾಗಕ್ಕೆ ಕುಗ್ಗಿತ್ತು. 1997ರಿಂದ ಇಂಧನ ತೆರಿಗೆಯ ಒಂದು ಭಾಗವನ್ನು, ಕಾಡು ಉಳಿಸಿಕೊಂಡ ಭೂಮಾಲೀಕರಿಗೆ ಸರ್ಕಾರವು ಪಾವತಿಸತೊಡಗಿತು. ಇಂದು ಆ ದೇಶದ ಅರ್ಧಕ್ಕಿಂತ ಹೆಚ್ಚು ಭಾಗ ಅರಣ್ಯ. ಪ್ರವಾಸೋದ್ಯಮ ಅದರ ಆರ್ಥಿಕತೆಯ ಪ್ರಮುಖ ಆಧಾರಗಳಲ್ಲೊಂದು. ಕಾಡನ್ನು ಕಾಯುವುದಕ್ಕೆ ಬೆಲೆ ಕಟ್ಟಿ ಅದನ್ನು ನಿಯಮಿತವಾಗಿ ಪಾವತಿ ಮಾಡಿದುದೇ ಈ ಬದಲಾವಣೆಯ ಒಂದು ಮುಖ್ಯ ಕಾರಣ.

ಬೆಂಗಾಡೆಂಬ ಹೆಸರಿನ ಕಾಡು

ಕೊಡಗಿನ ಮಳೆಯಾಗಲಿ ಕೋಸ್ಟರಿಕಾದ ಮಳೆಯಾಗಲಿ ಕೂಡ್ಲಿಗಿಗಿಲ್ಲ. ಇಲ್ಲಿಯ ವಾರ್ಷಿಕ ಮಳೆ ಸ್ಥೂಲವಾಗಿ 500ರಿಂದ 650 ಮಿಲಿಮೀಟರ್. ಮಳೆನಾಡಿನ ವಿಧಾನವನ್ನು ಇಲ್ಲಿಗೆ ಎತ್ತಿ ತರುವುದು ಹಣವನ್ನು ಬಿಸಿಲಿಗೆ ಒಣಹಾಕಿದಂತೆ. ಇಲ್ಲಿಗೆ ಹೊಂದುವ ನಿದರ್ಶನ ಬೇಕಾದರೆ ಗಡಿಯಾಚೆಯ ಅನಂತಪುರ ಸೀಮೆಯನ್ನು ನೋಡಬೇಕು. ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಚೆನ್ನೇಕೊತ್ತಪಲ್ಲಿಯ ಬಳಿ ಟಿಂಬಕ್ಟು ಕಲೆಕ್ಟಿವ್ ಎಂಬ ಸಂಸ್ಥೆ 1990ರಲ್ಲಿ 32 ಎಕರೆ ಬರಡು ಭೂಮಿಯಿಂದ ಕಾರ್ಯಾರಂಭ ಮಾಡಿತು. ಮುಂದೆ ಸುತ್ತಲಿನ ಹಳ್ಳಿಗಳ ಜನರನ್ನು ಸೇರಿಸಿಕೊಂಡು ಕಲ್ಪವಲ್ಲಿ ಎಂಬ ಹೆಸರಿನಲ್ಲಿ 7,000 ಎಕರೆಗೂ ಹೆಚ್ಚಿನ ಗುಡ್ಡಗಾಡನ್ನು ಕಾಯ್ದು ಬೆಳೆಸಿತು. ಅಲ್ಲಿ ನಡೆದ ಮುಖ್ಯ ಕೆಲಸ ಬೆಂಕಿಯನ್ನು ತಡೆಯುವುದು, ಹಸಿ ಮರ ಕಡಿಯದಂತೆ ನೋಡಿಕೊಳ್ಳುವುದು ಮತ್ತು ಮಳೆನೀರನ್ನು ಇಂಗಿಸುವುದು. ಹುಲ್ಲು ಬೆಳೆಯಿತು, ಈಚಲು ಮರಗಳು ಮರಳಿದವು, ದನಕುರಿಗಳಿಗೆ ಮೇವು ಒದಗಿತು.

ಒಣನಾಡಿನ ಕಾಡಿನ ಗುಟ್ಟು ಇದರಲ್ಲಿಯೇ ಅಡಗಿದೆ. ಕಡಿದು, ಮೇಯಿಸಿ, ಸುಟ್ಟು ಬೋಳಾದಂತೆ ಕಾಣುವ ಗುಡ್ಡದಲ್ಲಿಯೂ ಹಳೆಯ ಗಿಡಗಳ ಬೇರು ಮತ್ತು ಬುಡಗಳು ಬಹುಕಾಲ ಜೀವ ಹಿಡಿದಿರುತ್ತವೆ. ಬೆಂಕಿ ಮತ್ತು ಕೊಡಲಿಯನ್ನು ಕೆಲವು ವರ್ಷ ದೂರವಿಟ್ಟರೆ ಕಮರ, ದಿಂಡಿಗ, ಚುಜ್ಜಲು, ಮುತ್ತುಗ ಮೊದಲಾದವು ಬುಡದಿಂದಲೇ ಚಿಗುರುತ್ತವೆ. ಹಾಗೆ ಬಂದ ಗಿಡಕ್ಕೆ ನೀರೆರೆಯಬೇಕಾಗಿಲ್ಲ. ಗುಂಡಿ ತೋಡಿ ಸಸಿ ನೆಡುವುದು ಬೇರು ಪೂರ್ತಿ ಸತ್ತ ಕಡೆ ಮಾತ್ರ ಅಗತ್ಯ. ಆದರೆ ಕಂದಾಯ ದಾಖಲೆಗಳಲ್ಲಿ ಇಂತಹ ಭೂಮಿಗೆ ಸಾಮಾನ್ಯವಾಗಿ ಬೆಂಗಾಡು, ಪಾಳು ಎಂಬ ಹೆಸರೇ ದೊರೆಯುತ್ತದೆ. ಆ ಹೆಸರನ್ನು ನಂಬಿ ಗುಡ್ಡವನ್ನು ಯಂತ್ರದಿಂದ ಹಸನು ಮಾಡಿ, ನೀಲಗಿರಿಯನ್ನೋ ಅಕೇಶಿಯವನ್ನೋ ಸಾಲಾಗಿ ನೆಟ್ಟು, ಅದನ್ನು ಹಸಿರೀಕರಣವೆಂದು ಕರೆದರೆ ನೆಲದಡಿಯಲ್ಲಿದ್ದ ನಿಜವಾದ ಕಾಡು ಅಲ್ಲಿಗೆ ಮುಗಿಯುತ್ತದೆ. ಕರಡಿಗೆ ಅಲ್ಲಿ ಒಂದು ಹಣ್ಣೂ ಸಿಗುವುದಿಲ್ಲ.

ಈ ಭಾಗದಲ್ಲಿ ಕಾಡಿನ ಪುನಶ್ಚೇತನಕ್ಕೆ ದೊಡ್ಡ ಅಡ್ಡಿ ಬಳ್ಳಾರಿ ಜಾಲಿ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಅದು ಅಮೆರಿಕ ಖಂಡದಿಂದ ಬಂದ ಗಿಡ. ಕಟ್ಟಿಗೆಗೆ ಅನುಕೂಲವೆಂದು ಹರಡಿದ ಅದು ಹಳ್ಳದ ದಂಡೆ, ಕೆರೆಯಂಗಳ, ಗೋಮಾಳಗಳನ್ನು ಆವರಿಸಿ ಹುಲ್ಲನ್ನೂ ನಾಡಿನ ಗಿಡಗಳನ್ನೂ ಅಡಗಿಸುತ್ತದೆ. ಅಂಕಸಮುದ್ರದ ಹಕ್ಕಿಗಳಿಗೆ ಆಸರೆಯಾದ ಕರಿಜಾಲಿ ಈ ನೆಲದ್ದು. ಬಳ್ಳಾರಿ ಜಾಲಿ ಹೊರಗಿನದು. ಎರಡಕ್ಕೂ ಜಾಲಿಯೆಂಬ ಒಂದೇ ಹೆಸರು ಇರುವುದರಿಂದ ಇವೆರಡನ್ನೂ ಒಂದೇ ಎಂದು ತಿಳಿದು ಕಡಿಯುವ ಅಥವಾ ಉಳಿಸುವ ತಪ್ಪು ಆಗದಂತೆ ನೋಡಿಕೊಳ್ಳಬೇಕು. ಹೊರಗಿನಿಂದ ಬಂದ ಗಿಡಗಳೆಲ್ಲವೂ ಹಗೆಗಳೇನಲ್ಲ. ಕಲ್ಲುಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಸೀತಾಫಲವೂ ಮೂಲದಲ್ಲಿ ಅಮೆರಿಕ ಖಂಡದ್ದೇ. ಅದು ಬಳ್ಳಾರಿ ಜಾಲಿಯಂತೆ ನೆಲವನ್ನೆಲ್ಲ ಕಬಳಿಸಲಿಲ್ಲ. ಹಣ್ಣು ಮಾರುವ ಹಳ್ಳಿಗರಿಗೆ ನಾಲ್ಕು ಕಾಸನ್ನೂ ಕೊಟ್ಟಿತು.

ಲೆಕ್ಕಪುಸ್ತಕದ ಒಂದು ಸಾಲು

ಪರಿಸರಸ್ನೇಹಿ ಎಂಬ ಪದವನ್ನು ಇಂದು ಯಾವ ವಸತಿಗೃಹವೂ ತನ್ನ ಫಲಕದ ಮೇಲೆ ಬರೆಸಬಹುದು. ಸ್ನಾನದ ಬಿಸಿನೀರಿಗೆ ಸೌರಫಲಕ, ಪ್ಲಾಸ್ಟಿಕ್ ಬಾಟಲಿಯ ಬದಲು ಮಣ್ಣಿನ ಹೂಜಿ, ಛಾವಣಿಗೆ ಹುಲ್ಲಿನ ಹೊದಿಕೆ, ಇವೆಲ್ಲ ಒಳ್ಳೆಯವೇ. ಆದರೆ ಇವು ವಸತಿಗೃಹದ ಖರ್ಚನ್ನು ತಗ್ಗಿಸುವ ಅಥವಾ ಅಂದವನ್ನು ಹೆಚ್ಚಿಸುವ ಕ್ರಮಗಳು. ಕಾಡು ಇದರಿಂದ ಬೆಳೆಯುವುದಿಲ್ಲ. ತಂಗುದಾಣವು ಕಾಡಿನ ಪುನಶ್ಚೇತನಕ್ಕೆ ನೆರವಾಗುತ್ತಿದೆ ಎಂದು ಹೇಳಬೇಕಾದರೆ ಅದರ ಲೆಕ್ಕಪುಸ್ತಕದಲ್ಲಿ ಕಾಡಿನ ಹೆಸರಿನ ಒಂದು ಸಾಲು ಇರಬೇಕು. ಆ ಸಾಲು ಲಾಭ ಬಂದರೆ ಕೊಡುವ ದಾನವಾಗಿರದೆ, ಸಿಬ್ಬಂದಿಯ ವೇತನದಂತೆ ಖಚಿತ ವೆಚ್ಚವಾಗಿರಬೇಕು.

ಕೇವಲ ಲೆಕ್ಕದ ಅನುಕೂಲಕ್ಕಾಗಿ ಎಂಟು ಕೊಠಡಿಗಳ ಒಂದು ತಂಗುದಾಣವನ್ನು ಕಲ್ಪಿಸಿಕೊಳ್ಳೋಣ. ವರ್ಷಕ್ಕೆ 365 ರಾತ್ರಿಗಳಂತೆ ಒಟ್ಟು 2,920 ಕೊಠಡಿ-ರಾತ್ರಿಗಳಾಗುತ್ತವೆ. ಬೇಸಿಗೆಯ ಬಿಸಿಲನ್ನು ಗಮನದಲ್ಲಿಟ್ಟು ಶೇಕಡಾ 40ರಷ್ಟು ಮಾತ್ರ ಭರ್ತಿಯಾಗುತ್ತದೆಂದರೆ 1,168 ರಾತ್ರಿಗಳು. ರಾತ್ರಿಯೊಂದಕ್ಕೆ 3,000 ರೂಪಾಯಿ ದರವಾದರೆ ಕೊಠಡಿಯಿಂದ ಬರುವ ಒಟ್ಟು ಆದಾಯ 35,04,000 ರೂಪಾಯಿ. ಪ್ರತಿ ಕೊಠಡಿ-ರಾತ್ರಿಗೆ 200 ರೂಪಾಯಿಯನ್ನು ಕಾಡಿನ ನಿಧಿಗೆ ಎತ್ತಿಟ್ಟರೆ ವರ್ಷಕ್ಕೆ 2,33,600 ರೂಪಾಯಿ ಸೇರುತ್ತದೆ. ದಿನಕ್ಕೆ 500 ರೂಪಾಯಿ ಕೂಲಿಯಂತೆ ಇಬ್ಬರು ಕಾವಲುಗಾರರನ್ನು ಬೆಂಕಿಯ ಭಯವಿರುವ 120 ದಿನಗಳಿಗೆ ನೇಮಿಸಿದರೆ 1,20,000 ರೂಪಾಯಿ ವೆಚ್ಚ. ಉಳಿದ 1,13,600 ರೂಪಾಯಿಯಲ್ಲಿ ಬೆಂಕಿರೇಖೆ ತೆಗೆಯಬಹುದು, ಬಳ್ಳಾರಿ ಜಾಲಿಯನ್ನು ಬೇರುಸಹಿತ ಕೀಳಿಸಬಹುದು, ಹಳ್ಳಿಯಲ್ಲಿಯೇ ಸಣ್ಣ ಸಸ್ಯಪಾಲನಾ ಕೇಂದ್ರ ನಡೆಸಬಹುದು. ದರ, ಭರ್ತಿ, ಕೂಲಿ ಸ್ಥಳದಿಂದ ಸ್ಥಳಕ್ಕೆ ವ್ಯತ್ಯಾಸವಾಗುತ್ತವೆ. ಆದರೂ ಈ ಲೆಕ್ಕದಿಂದ ಒಂದು ವಿಷಯ ಸ್ಪಷ್ಟ: ಅತಿಥಿಗೆ ಹೊರೆಯೆನಿಸದ ಮೊತ್ತದಿಂದ ಒಂದು ಗುಡ್ಡದ ಕಾವಲು ಸಾಧ್ಯ. ಒಣಕಾಡಿಗೆ ಬೇಕಾದ ಖರ್ಚು ಕಡಿಮೆ, ಬೇಕಾದ ವರ್ಷಗಳು ಹೆಚ್ಚು. ಒಂದೇ ವರ್ಷ ಭಾರಿ ಮೊತ್ತ ಸುರಿದು ಮರುವರ್ಷ ಕೈಬಿಡುವುದಕ್ಕಿಂತ ಹತ್ತು ವರ್ಷ ತಪ್ಪದೆ ಸಣ್ಣ ಮೊತ್ತ ಕೊಡುವುದು ಇಲ್ಲಿ ಫಲಕಾರಿ.

ತೆರಿಗೆಯ ಲೆಕ್ಕವನ್ನೂ ಮುಂಚೆಯೇ ಹಾಕಿಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗಳಿಗೆ ಜಿಎಸ್‌ಟಿ ಶೇಕಡಾ 5ಕ್ಕೆ ಇಳಿದಿದೆ. ಆದರೆ ಹೂಡುವಳಿ ತೆರಿಗೆಯ ಜಮೆ ಅದಕ್ಕೆ ದೊರೆಯುವುದಿಲ್ಲ. ಸೌರಫಲಕ, ಪೀಠೋಪಕರಣ ಮೊದಲಾದವುಗಳ ಮೇಲೆ ತೆತ್ತ ತೆರಿಗೆಯು ಪೂರ್ಣವಾಗಿ ಬಂಡವಾಳದಲ್ಲಿಯೇ ಸೇರಿಹೋಗುತ್ತದೆ ಎಂಬುದನ್ನು ಯೋಜನಾ ವರದಿ ತಯಾರಿಸುವಾಗ ಮರೆಯಬಾರದು.

ದೊಡ್ಡ ಉದ್ಯಮಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯೂ ಈ ಕಾರ್ಯಕ್ಕೆ ಒದಗಬಲ್ಲದು. 2013ರ ಕಂಪನಿ ಕಾಯಿದೆಯ 135ನೇ ಕಲಮಿನಂತೆ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ರೂಪಾಯಿ ವಹಿವಾಟು ಅಥವಾ 5 ಕೋಟಿ ರೂಪಾಯಿ ನಿವ್ವಳ ಲಾಭ, ಇವುಗಳಲ್ಲಿ ಯಾವುದೊಂದನ್ನು ಮುಟ್ಟಿದ ಕಂಪನಿಯೂ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. ಪರಿಸರ ಸಂರಕ್ಷಣೆ, ಸಸ್ಯ ಮತ್ತು ಪ್ರಾಣಿಸಂಕುಲದ ರಕ್ಷಣೆ ಅದರ ಪಟ್ಟಿಯಲ್ಲಿಯೇ ಇವೆ. ಉಕ್ಕು ಮತ್ತು ಅದಿರಿನ ಉದ್ಯಮಗಳು ನೆಲೆಸಿರುವ ಈ ಸೀಮೆಯಲ್ಲಿ ಸಸಿಗಳ ಸಂಖ್ಯೆಯನ್ನು ಎಣಿಸುವ ಬದಲು ಬದುಕುಳಿದ ನಾಡಗಿಡಗಳನ್ನು ಎಣಿಸುವ ಯೋಜನೆಗಳಿಗೆ ಆ ನಿಧಿ ಹರಿದರೆ ಒಳಿತು.

ಊರಿನ ಪಾಲು

ಕರಡಿಯೊಡನೆ ಬದುಕುವ ಭಾರವನ್ನು ಹೊತ್ತಿರುವವರು ಕಾಡಂಚಿನ ರೈತರು ಮತ್ತು ಕುರಿಗಾಹಿಗಳು. ಹೊಲಕ್ಕೆ ನುಗ್ಗಿದ ಕರಡಿ ಶೇಂಗಾ, ಮೆಕ್ಕೆಜೋಳ ಹಾಳುಮಾಡುತ್ತದೆ. ನಸುಕಿನಲ್ಲಿ ಹೊಲಕ್ಕೆ ಹೊರಟವರು ಎದುರಾದರೆ ಮೇಲೆ ಬೀಳುತ್ತದೆ. ಸರ್ಕಾರದ ಪರಿಹಾರಧನವಿದ್ದರೂ ಮುಖಕ್ಕೆ ಗಾಯವಾದವನ ನಷ್ಟವನ್ನು ಅದು ತುಂಬಿಕೊಡಲಾರದು. ಪಟ್ಟಣದಿಂದ ಬಂದವನು ದೂರದರ್ಶಕದಲ್ಲಿ ಕರಡಿಯನ್ನು ನೋಡಿ ಹಿಗ್ಗುವಾಗ ಅದರ ಖರ್ಚನ್ನು ಊರಿನವನು ಭರಿಸುತ್ತಿರುತ್ತಾನೆ. ತಂಗುದಾಣದ ಆದಾಯದಲ್ಲಿ ಊರಿಗೆ ಏನೂ ದಕ್ಕದಿದ್ದರೆ, ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದಾಗ ನಂದಿಸಲು ಊರಿನವರು ಓಡಿಬರಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ಸಣ್ಣ ಉದ್ಯಮಗಳಿಗೂ ಇಲ್ಲಿ ಅವಕಾಶವಿದೆ. ತಂಗುದಾಣಕ್ಕೆ ಬೇಕಾದ ಜೋಳ, ಸಜ್ಜೆ, ಶೇಂಗಾ ಎಣ್ಣೆ, ಹುಣಸೆ, ಮೊಸರು ಸುತ್ತಲಿನ ಹಳ್ಳಿಗಳಿಂದಲೇ ಬರಬಹುದು. ಹೊದೆಯಲು ಕುರುಬರು ನೇಯ್ದ ಕಂಬಳಿ, ಗೋಡೆಗೆ ಲಂಬಾಣಿ ಕಸೂತಿ, ಅತಿಥಿಗಳ ಸ್ವಾಗತಕ್ಕೆ ಹಡಗಲಿಯ ಮಲ್ಲಿಗೆ, ಇವು ಬೇರೆಡೆ ಸಿಗದ ಸರಕುಗಳು. ಹಡಗಲಿ ಮಲ್ಲಿಗೆಗೂ ಸಂಡೂರಿನ ಲಂಬಾಣಿ ಕಸೂತಿಗೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಕಿತ್ತ ಬಳ್ಳಾರಿ ಜಾಲಿಯೂ ವ್ಯರ್ಥವಾಗಬೇಕಿಲ್ಲ. ಅದರ ಕಟ್ಟಿಗೆ ಮತ್ತು ಇದ್ದಿಲಿಗೆ ಗಿರಾಕಿಗಳಿದ್ದಾರೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಏಟ್ರೀ ಸಂಸ್ಥೆಯ ತರಬೇತಿಯಿಂದ ಸೋಲಿಗರು ಕಾಡನ್ನಾವರಿಸಿದ ಲಂಟಾನದಿಂದಲೇ ಕುರ್ಚಿ, ಮೇಜು ತಯಾರಿಸಿದ ಉದಾಹರಣೆ ಇದೆ. ಆದರೆ ಇಲ್ಲಿ ಎಚ್ಚರಿಕೆಯೂ ಬೇಕು: ಇದ್ದಿಲಿನ ಬೇಡಿಕೆ ಬೆಳೆದಂತೆಲ್ಲ ಕಳೆಗಿಡವನ್ನೇ ಬೆಳೆಸುವ ಆಸೆ ಹುಟ್ಟಬಹುದು, ಅದರ ನೆಪದಲ್ಲಿ ನಾಡಗಿಡಕ್ಕೂ ಕೊಡಲಿ ಬೀಳಬಹುದು. ಕಿತ್ತ ಜಾಗದಲ್ಲಿ ಹುಲ್ಲು ಮತ್ತು ನಾಡಗಿಡ ಮರಳುವವರೆಗೆ ಒಪ್ಪಂದ ಮುಗಿಯಿತೆಂದು ಭಾವಿಸಬಾರದು.

ಗ್ರಾಮ ಅರಣ್ಯ ಸಮಿತಿ ಮತ್ತು 2002ರ ಜೀವವೈವಿಧ್ಯ ಕಾಯಿದೆಯಡಿ ಪಂಚಾಯಿತಿಗಳಲ್ಲಿ ರಚಿಸಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಈ ಕಾರ್ಯದಲ್ಲಿ ಸಹಜ ಪಾಲುದಾರರು. ಯಾವ ಗುಡ್ಡದಲ್ಲಿ ಹಿಂದೆ ಯಾವ ಗಿಡವಿತ್ತು, ಯಾವ ಹಣ್ಣು ಯಾವ ತಿಂಗಳಲ್ಲಿ ಕಾಯುತ್ತಿತ್ತು ಎಂಬುದು ಊರಿನ ಹಿರಿಯರಿಗೆ, ಅದರಲ್ಲಿಯೂ ಕುರಿ ಕಾಯ್ದವರಿಗೆ ತಿಳಿದಷ್ಟು ಮತ್ತಾರಿಗೂ ತಿಳಿದಿರಲಾರದು. ಆ ತಿಳಿವಳಿಕೆಗೂ ಗೌರವಧನ ಸಲ್ಲಬೇಕು.

ಕಟ್ಟುವ ಮುನ್ನ

ಬಂಡವಾಳ ಹೂಡಬಯಸುವವರು ಕೆಲವು ಅಂಶಗಳನ್ನು ಮೊದಲೇ ಖಚಿತಪಡಿಸಿಕೊಳ್ಳುವುದು ಉಚಿತ. ಅಭಯಾರಣ್ಯದ ಸುತ್ತ ಪರಿಸರಸೂಕ್ಷ್ಮ ವಲಯವನ್ನು ಗುರುತಿಸಿದಲ್ಲಿ ಹೊಸ ವಾಣಿಜ್ಯ ವಸತಿಗೃಹಗಳಿಗೆ ಅಲ್ಲಿ ಕಟ್ಟುನಿಟ್ಟಾದ ಮಿತಿಗಳಿರುತ್ತವೆ. ಸಾಮಾನ್ಯವಾಗಿ ಅಭಯಾರಣ್ಯದ ಅಂಚಿನಿಂದ ಒಂದು ಕಿಲೋಮೀಟರ್ ಒಳಗೆ ಅವುಗಳಿಗೆ ಅನುಮತಿ ಇರುವುದಿಲ್ಲ. ಕೃಷಿಭೂಮಿಯಾದರೆ ಭೂಪರಿವರ್ತನೆ ಅಗತ್ಯ. ಕೊಳವೆಬಾವಿಯ ನೀರನ್ನೇ ನಂಬಿ ಈಜುಕೊಳ, ಹುಲ್ಲುಹಾಸು ನಿರ್ಮಿಸುವುದು ಈ ಮಳೆಯ ಸೀಮೆಯಲ್ಲಿ ನೆರೆಹೊಲದ ರೈತನ ನೀರನ್ನು ಕಸಿದಂತೆ. ರಾತ್ರಿ ದೀಪ ಮತ್ತು ಧ್ವನಿವರ್ಧಕಗಳು ಕರಡಿಯ ಓಡಾಟದ ದಾರಿಯನ್ನು ಕೆಡಿಸುತ್ತವೆ. ಅಡುಗೆಮನೆಯ ಕಸವನ್ನು ಬಯಲಿಗೆ ಸುರಿದರೆ ಕರಡಿ ಅದರ ರುಚಿ ಹತ್ತಿ ಊರಿನತ್ತ ಬರುತ್ತದೆ. ದರೋಜಿಯಲ್ಲಿ ಅರಣ್ಯ ಇಲಾಖೆಯವರು ಬಂಡೆಗಳಿಗೆ ಬೆಲ್ಲದ ಲೇಪ ಹಚ್ಚಿ ಕರಡಿಗಳನ್ನು ವೀಕ್ಷಣಾ ಗೋಪುರದೆದುರು ಬರಮಾಡಿಕೊಂಡ ಪದ್ಧತಿ ಪ್ರಸಿದ್ಧವಾದುದು. ಅದನ್ನು ಕಂಡು ಖಾಸಗಿಯವರು ತಮ್ಮ ಅಂಗಳದಲ್ಲಿ ಅನುಕರಿಸಹೊರಟರೆ ಅಪಾಯವೂ ಅಪರಾಧವೂ ಆದೀತು.

ತಂಗಲು ಬರುವ ಗಿರಾಕಿಗೂ ಇಲ್ಲೊಂದು ಹೊಣೆಯಿದೆ. ಕಾಡಿಗೆ ಎಷ್ಟು ಹಣ ಹೋಗುತ್ತದೆ, ಯಾವ ಗುಡ್ಡಕ್ಕೆ ಹೋಗುತ್ತದೆ, ಕಳೆದ ವರ್ಷ ಅಲ್ಲಿ ಏನು ಮಾಡಿದಿರಿ, ಯಾವ ಗಿಡ ಬದುಕಿತು ಎಂಬ ನಾಲ್ಕು ಪ್ರಶ್ನೆಗಳನ್ನು ಕೊಠಡಿ ಕಾಯ್ದಿರಿಸುವಾಗ ಆತ ಕೇಳಬೇಕು. ಉತ್ತರ ಕೊಡಬಲ್ಲ ತಂಗುದಾಣ 200 ರೂಪಾಯಿ ಹೆಚ್ಚು ಕೇಳಿದರೂ ಅದು ಸಲ್ಲತಕ್ಕ ಬೆಲೆಯೇ. ಸಿದ್ಧ ಉತ್ತರವಿಲ್ಲದ ಕಡೆ ಹಸಿರು ಬಣ್ಣ ಗೋಡೆಯ ಮೇಲೆ ಮಾತ್ರ ಇದೆಯೆಂದು ತಿಳಿಯಬಹುದು.

ಒಂದೇ ಸರಕನ್ನು ನೆಚ್ಚಿದ ವ್ಯಾಪಾರದ ಗತಿಯನ್ನು ಈ ಸೀಮೆಯ ಜನ 2011ರಲ್ಲಿ ಕಣ್ಣಾರೆ ಕಂಡಿದ್ದಾರೆ. ಆ ವರ್ಷದ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆದಾಗ ಲಾರಿಗಳು ಸಾಲುಸಾಲಾಗಿ ನಿಂತವು. ಅವುಗಳೊಡನೆ ಟಯರು ಅಂಗಡಿ, ಗ್ಯಾರೇಜು, ಖಾನಾವಳಿಗಳ ವ್ಯಾಪಾರವೂ ನಿಂತಿತು. ಗಣಿಗಳು ಮತ್ತೆ ತೆರೆದದ್ದು ಭೂಮಿಯ ಪುನಶ್ಚೇತನ ಯೋಜನೆಯನ್ನು ಒಪ್ಪಿಕೊಂಡ ಮೇಲೆಯೇ. ಹಾಳುಮಾಡಿ ಬಳಿಕ ಸರಿಪಡಿಸುವುದಕ್ಕೆ ತಗಲುವ ವೆಚ್ಚವೆಷ್ಟೆಂಬುದು ಅಂದು ಎಲ್ಲರಿಗೂ ಮನವರಿಕೆಯಾಯಿತು. ತಂಗುದಾಣದ ವ್ಯವಹಾರಕ್ಕೆ ಕಾಡೇ ಬಂಡವಾಳ. ಬಡ್ಡಿಯಲ್ಲಿ ಬದುಕುವವನು ಅಸಲನ್ನು ಮುಟ್ಟುವುದಿಲ್ಲ. ಸಾಧ್ಯವಾದರೆ ವರ್ಷವರ್ಷವೂ ಅದಕ್ಕೆ ಅಷ್ಟಿಷ್ಟು ಸೇರಿಸುತ್ತಾನೆ. ಗುಡೇಕೋಟೆಯ ಬೆಟ್ಟಗಳ ಮತ್ತು ಅಂಕಸಮುದ್ರದ ಕೆರೆಯ ವಿಷಯದಲ್ಲಿಯೂ ಐದು ತಾಲ್ಲೂಕುಗಳ ವರ್ತಕ ಸಮುದಾಯವು ಅದೇ ಹಳೆಯ ವ್ಯಾಪಾರಧರ್ಮವನ್ನು ಪಾಲಿಸಬೇಕು. ಮೊದಲ ತಂಗುದಾಣದ ಅಸ್ತಿಭಾರಕ್ಕೆ ಮುಂಚೆಯೇ ವಾಣಿಜ್ಯೋದ್ಯಮ ಸಂಸ್ಥೆಗಳು, ಅರಣ್ಯ ಇಲಾಖೆ ಮತ್ತು ಗ್ರಾಮ ಪಂಚಾಯಿತಿಗಳು ಕೂಡಿ ಕುಳಿತು, ಕೊಠಡಿ-ರಾತ್ರಿಗೆ ಕಾಡಿನ ಪಾಲು ಇಂತಿಷ್ಟು ಎಂದು ನಿಗದಿಪಡಿಸಿ, ಅದರ ಲೆಕ್ಕವನ್ನು ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಓದಿ ಹೇಳುವ ಏರ್ಪಾಡು ಮಾಡಿಕೊಂಡರೆ ಈ ಹೊಸ ವ್ಯವಹಾರಕ್ಕೆ ಗಟ್ಟಿಯಾದ ತಳಪಾಯ ಬಿದ್ದಂತಾಗುತ್ತದೆ.